ಕಾವಿಗಿಟ್ಟ ದಿನ ಒಂದೋ, ಸೊನ್ನೆಯೋ

ಎಲ್ಲರಿಗೂ ನಮಸ್ಕಾರ, ಸಲಾಂ. "ನಿಮ್ಮ ಕೆಲಸದ ಬಗ್ಗೆ ಏನಾದ್ರೂ ಬರೀರಿ ಅಂಕಲ್" ಅಂತ ನಮ್ಮ ಕನ್ನಡ ಗುಂಪಿನ ಹುಡುಗರು ಕೇಳಿ ಮೂರು ತಿಂಗಳಾಯ್ತು. ಒಂದೇ ಬೆರಳಲ್ಲಿ ಫೋನ್ ಮೇಲೆ ಕುಟ್ಟಿ ಕುಟ್ಟಿ ಬರೀತಿದೀನಿ, ಅದಕ್ಕೇ ತಡ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟೋನು, ಮತ್ತೆ ಪುಸ್ತಕ ಹಿಡಿದಿದ್ದು ನನ್ನ ಇಪ್ಪತ್ತಾರನೇ ವಯಸ್ಸಲ್ಲಿ. ಮನೇಲಿ ಉರ್ದು ಮಾತಾಡ್ತೀವಿ, ಆದ್ರೆ ಬರೆಯೋಕೆ ಬರೋದು ಕನ್ನಡ ಒಂದೇ, ಅದೂ ಮೇಷ್ಟ್ರು ಕಿವಿ ಹಿಂಡಿ ಕಲಿಸಿದಷ್ಟು. ಒತ್ತಕ್ಷರ ಹಿಂದೆ ಮುಂದೆ ಆಗಿದ್ರೆ ಮಾಫ್ ಮಾಡಿ, ತಿದ್ಕೊಂಡು ಓದಿ. ಈ ಬರಹಾನೇ ನನ್ನ ಒಂದು ತಪ್ಪಿನ ಬಗ್ಗೆ.

ಹೋದ ಚಳಿಗಾಲದಲ್ಲಿ, ಅಂದ್ರೆ ಇಲ್ಲಿಯ ಜುಲೈನಲ್ಲಿ, ನಂಗೆ ಆಕ್ಲೆಂಡಿನ ಒಂದು ಲ್ಯಾಬಲ್ಲಿ ಕೆಲಸ ಸಿಕ್ತು. ಕ್ಯಾನ್ಸರ್ ಔಷಧಿ ಮೇಲೆ ಕೆಲಸ ಮಾಡೋ ಲ್ಯಾಬು. ಹೆಸರು ಬೇಡ. ಅದಕ್ಕೆ ಮುಂಚೆ ತಕಾನಿನಿ ಹತ್ರ ಒಂದು ಗೋಡೌನಲ್ಲಿ ಡಬ್ಬ ಎತ್ತಿ ಎತ್ತಿ ಸೊಂಟ ಹೋಗಿತ್ತು. ಇನ್ಮೇಲೆ ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿದ್ರು. ಲ್ಯಾಬಿಗೆ ಕರೆದಿದ್ದು ಗಾಜಿನ ಸಾಮಾನು ತೊಳೆಯೋಕೆ. ಇಂಟರ್‌ವ್ಯೂನಲ್ಲಿ ಪ್ರೊಫೆಸರ್ ಮೇಡಂ ಊರಲ್ಲಿ ಏನು ಮಾಡ್ತಿದ್ದೆ ಅಂತ ಕೇಳಿದ್ರು. ಶಿರಾ ಕಡೆ ಒಂದು ಹ್ಯಾಚರೀಲಿ ಒಂಬತ್ತು ವರ್ಷ ಇದ್ದೆ ಅಂದೆ. ಅವರು ಪೆನ್ನು ಕೆಳಗಿಟ್ರು. ಮೊಟ್ಟೆಗೆ ದೀಪ ಹಿಡಿದು ಒಳಗೆ ನೋಡೋಕೆ ಬರುತ್ತಾ ಅಂದ್ರು. ಬರುತ್ತೆ ಅಂದೆ. ಒಡೆಯದೇ ಉಳಿದ ಮೊಟ್ಟೆಗಳನ್ನ ಒಡೆದು, ಒಳಗಿನ ಮರಿ ಎಷ್ಟನೇ ದಿನಕ್ಕೆ ಸತ್ತಿದೆ ಅಂತ ಪಟ್ಟಿ ಬರೆಯೋದೂ ನನ್ನ ಕೆಲಸ ಆಗಿತ್ತು ಅಂದೆ. ಅವತ್ತೇ ಕೆಲಸ ಕೊಟ್ರು.

ಆದ್ರೆ ತೊಂಬತ್ತು ದಿನದ ಟ್ರಯಲ್. ಇಲ್ಲಿರೋರಿಗೆ ಗೊತ್ತಿರುತ್ತೆ, ಆ ದಿನಗಳ ಒಳಗೆ ಬೇಡ ಅನ್ನಿಸಿದ್ರೆ ನೋಟಿಸ್ ಕೊಟ್ಟು ಕಳಿಸಬಹುದು. ಸೊಂಟ ಹೋದ ನಲವತ್ಮೂರು ವರ್ಷದೋನಿಗೆ ಯಾರು ಇನ್ನೊಂದು ಬಿಳಿ ಕೋಟು ಕೊಡ್ತಾರೆ? ಮೌಂಟ್ ರಾಸ್ಕಿಲ್‌ನಿಂದ ಬಸ್ಸಲ್ಲಿ ಹೋಗುವಾಗ ದಿನಾ ಎಣಿಸ್ತಿದ್ದೆ. ಇವತ್ತು ಏಳು, ಇವತ್ತು ಎಂಟು.

ಮೊಟ್ಟೆಗೂ ಕ್ಯಾನ್ಸರಿಗೂ ಏನು ಸಂಬಂಧ ಅಂತ ನಂಗೂ ಮೊದಲು ಗೊತ್ತಿರಲಿಲ್ಲ. ಮೊಟ್ಟೆ ಒಳಗೆ ಮರಿ ಬೆಳೆಯುವಾಗ ಚಿಪ್ಪಿನ ಒಳಗೋಡೆಗೆ ಅಂಟಿದ ಹಾಗೆ ಒಂದು ತೆಳ್ಳಗಿನ ಪೊರೆ ಬೆಳೆಯುತ್ತೆ. ಮರಿ ಉಸಿರಾಡೋದು ಅದರಿಂದ. ಪೊರೆ ತುಂಬಾ ರಕ್ತನಾಳ, ಅರಳಿ ಎಲೆ ಹಿಂಭಾಗ ನೋಡಿದ ಹಾಗೆ. ಕ್ಯಾನ್ಸರ್ ಗಡ್ಡೆ ಬೆಳೆಯೋಕೂ ಹೊಸ ರಕ್ತನಾಳ ಬೇಕು. ಹಂಗಾಗಿ ಔಷಧಿಯನ್ನ ಪೊರೆ ಮೇಲೆ ಇಟ್ಟು, ರಕ್ತನಾಳ ಬೆಳೆಯೋದು ಕಮ್ಮಿ ಆಗುತ್ತಾ ಅಂತ ನೋಡ್ತಾರೆ. ಇಲಿ ಮೇಲೆ ಹೋಗೋ ಮುಂಚೆ ಇದೊಂದು ಮೆಟ್ಟಿಲು.

ಕೆಲಸ ಕಲಿಸಿದ್ದು ಪಿಎಚ್‌ಡಿ ಮಾಡ್ತಿದ್ದ ಒಬ್ಬ ಹುಡುಗಿ. ಕಿವಿ ಹುಡುಗಿ, ಅಂದ್ರೆ ಈ ದೇಶದವಳೇ, ದಕ್ಷಿಣದ ಕಡೆ ಕುರಿ ಸಾಕೋ ಮನೆಯವಳು. ಅವಳ ಥೀಸಿಸ್ಸಿನ ಕೊನೇ ಅಧ್ಯಾಯ ಈ ಮೊಟ್ಟೆಗಳ ಮೇಲೆ ನಿಂತಿತ್ತು. ನಾನು ಮೊಟ್ಟೆ ಒರೆಸೋದು ನೋಡಿ ನಗೋಳು. "ಮೇಟ್, ಅದು ಮಗು ಅಲ್ಲ, ಬೇಗ ಬೇಗ" ಅನ್ನೋಳು. ನಾನು ನಿಧಾನ. ಹ್ಯಾಚರೀಲೂ ನಂಗೆ ಆಮೆ ಅಂತಾನೇ ಹೆಸರು.

ಕೆಲಸ ಹೀಗಿತ್ತು. ಹುಂಜದ ಜೊತೆ ಇದ್ದ ಕೋಳಿಗಳ ಮೊಟ್ಟೆ ಬರುತ್ತೆ. ಸ್ಪಿರಿಟ್ ಬಟ್ಟೇಲಿ ಒರೆಸಿ, ಅಡ್ಡ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಇನ್‌ಕ್ಯುಬೇಟರ್ ಅನ್ನೋ ಕಾವಿನ ಪೆಟ್ಟಿಗೆ ಒಳಗೆ ಇಡಬೇಕು. ಕೆಳಗೆ ತೇವಕ್ಕೆ ಅಂತ ನೀರಿನ ತಟ್ಟೆ. ಮೂರನೇ ದಿನ ಚೂಪು ತುದಿಯಲ್ಲಿ ಸೂಜಿ ಚುಚ್ಚಿ ಸಿರಿಂಜಲ್ಲಿ ಸ್ವಲ್ಪ ಬಿಳಿ ಲೋಳೆ ತೆಗೀಬೇಕು. ಆಗ ಒಳಗಿರೋದು ಚಿಪ್ಪು ಬಿಟ್ಟು ಕೆಳಗೆ ಇಳಿಯುತ್ತೆ. ಆಮೇಲೆ ಮೇಲೆ ಟೇಪ್ ಅಂಟಿಸಿ, ಸಣ್ಣ ಕತ್ತರೀಲಿ ನಾಣ್ಯದಷ್ಟು ಕಿಟಕಿ ಕತ್ತರಿಸಬೇಕು. ಬಗ್ಗಿ ನೋಡಿದ್ರೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಟಕ್ ಟಕ್ ಅಂತ ಬಡ್ಕೊಳ್ತಿರುತ್ತೆ. ಅದು ಹೃದಯ. ಒಂಬತ್ತು ವರ್ಷ ಮೊಟ್ಟೆ ಜೊತೆ ಇದ್ದೋನು ನಾನು, ಬದುಕಿರೋ ಮೊಟ್ಟೆ ಒಳಗೆ ಹಂಗೆ ಮುಖ ಹಾಕಿ ನೋಡಿದ್ದು ಅದೇ ಮೊದಲು. ಕಿಟಕಿ ಟೇಪಲ್ಲಿ ಮುಚ್ಚಿ ವಾಪಸ್ ಇಡೋದು. ಏಳನೇ ದಿನ, ಔಷಧಿ ಹೀರಿದ ಚಿಕ್ಕ ಕಾಗದದ ಬಿಲ್ಲೆಯನ್ನ ಪೊರೆ ಮೇಲೆ ಕೂರಿಸೋದು. ಹತ್ತನೇ ದಿನ ಮೈಕ್ರೋಸ್ಕೋಪ್ ಕೆಳಗೆ ಫೋಟೋ ತೆಗೆದು, ನಾಳ ಎಷ್ಟು ಕಡೆ ಕವಲು ಒಡೆದಿದೆ ಅಂತ ಎಣಿಸೋದು. ಅಲ್ಲಿಗೆ ಮುಗೀತು.

ಹತ್ತು ದಾಟಬಾರದು ಅಂತ ಮೇಡಂ ಬಹಳ ಕಟ್ಟುನಿಟ್ಟು. ಇಲ್ಲಿಯ ಕಾನೂನಲ್ಲಿ ಮೊಟ್ಟೆ ಒಳಗಿನ ಮರಿ ಅರ್ಧ ದಾರಿ ದಾಟಿದ್ರೆ ಪ್ರಾಣಿ ಅಂತ ಲೆಕ್ಕ. ಇಪ್ಪತ್ತೊಂದು ದಿನದ ಅರ್ಧ ಹತ್ತೂವರೆ. ಅದಕ್ಕೆ ಬೇರೆ ಪರ್ಮಿಷನ್ ಬೇಕು, ನಮ್ಮ ಹತ್ರ ಇರಲಿಲ್ಲ. ಅದಕ್ಕೇ ಹತ್ತನೇ ದಿನ ಎಲ್ಲಾ ಮೊಟ್ಟೆ ಫ್ರೀಜರಿಗೆ, ಎರಡು ಮರಿ ಮಾತ್ರ ಗುರುತಿಗೆ ಅಂತ, ಕೊಳೆಯದ ಹಾಗೆ ಫಾರ್ಮಲಿನ್ ಬಾಟಲಿಗೆ. ಫ್ರೀಜರ್ ಬಾಗಿಲು ಹಾಕುವಾಗ ನಾನು ಬಾಯೊಳಗೆ ಬಿಸ್ಮಿಲ್ಲಾ ಅಂತಿದ್ದೆ. ಕೋಳಿ ಕೊಯ್ಯುವಾಗ ಹೇಳೋ ಹಾಗೆ.

ಮೊದಲ ಎರಡು ಬ್ಯಾಚು ಅವಳ ಜೊತೆ ಮಾಡಿದೆ. ಮೊಟ್ಟೆ ಒಂದು ಸಲ ಸೋಮವಾರ ಬಂತು, ಇನ್ನೊಂದು ಸಲ ಬುಧವಾರ. ಅವಳು ಬಾ ಅಂದ ದಿನ ಹೋಗ್ತಿದ್ದೆ, ಕತ್ತರಿಸು ಅಂದಾಗ ಕತ್ತರಿಸ್ತಿದ್ದೆ. ದಿನದ ಲೆಕ್ಕ ಅವಳದು. ಆ ಎರಡರಲ್ಲಿ ಕಮ್ಮಿ ಔಷಧಿ ಹಾಕಿದ ಮೊಟ್ಟೆಗೂ, ಏನೂ ಹಾಕದ ಕಂಟ್ರೋಲ್ ಮೊಟ್ಟೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮೂರನೇದಕ್ಕೆ ಔಷಧಿ ಜಾಸ್ತಿ ಹಾಕೋಣ ಅಂತ ಆಯ್ತು.

ಅಷ್ಟರಲ್ಲಿ ಅವಳ ಅಪ್ಪ ಬೆನ್ನು ಉಳುಕಿಸ್ಕೊಂಡು ಮಲಗಿದ್ರು. ಕುರಿಗಳು ಮರಿ ಹಾಕೋ ಕಾಲ. ಅವಳು ಎರಡು ವಾರ ಊರಿಗೆ ಹೋಗಲೇಬೇಕಾಯ್ತು. ಹೋಗುವಾಗ ಒಂದು ಹಾಳೆ ಬರೆದು ಇನ್‌ಕ್ಯುಬೇಟರಿಗೆ ಅಂಟಿಸಿದಳು. ದಿನ ಮೂರು ಕಿಟಕಿ, ದಿನ ಏಳು ಔಷಧಿ, ದಿನ ಹತ್ತು ಫೋಟೋ. "ನಿಮ್ಮ ಕೈ ನನ್ನ ಕೈಗಿಂತ ಸ್ಥಿರ, ಹೆದರಬೇಡಿ" ಅಂದಳು. ಜೀವನದಲ್ಲಿ ಯಾರೂ ಹಂಗೆ ಅಂದಿರಲಿಲ್ಲ. ಬಸ್ಸಲ್ಲಿ ನನ್ನ ಕೈಯನ್ನೇ ನೋಡ್ಕೊಂಡು ಬಂದೆ.

ಮೊಟ್ಟೆ ಮಂಗಳವಾರ ಬಂದವು. ಇಟ್ಟೆ. ಗುರುವಾರ ಕಿಟಕಿ ಕತ್ತರಿಸಿದೆ. ನಂಗೆ ಖುಷಿ, ಯಾಕಂದ್ರೆ ಹಾಳೆ ಲೆಕ್ಕದಲ್ಲಿ ಯಾವ ಕೆಲಸಾನೂ ಶುಕ್ರವಾರ ಬೀಳ್ತಿರಲಿಲ್ಲ, ಜುಮ್ಮಾ ನಮಾಜಿಗೆ ಆರಾಮಾಗಿ ಹೋಗಬಹುದು. ಸೋಮವಾರ ಔಷಧಿ ಬಿಲ್ಲೆ ಇಟ್ಟೆ. ಪೊರೆ ಸ್ವಲ್ಪ ಕಿರಿದು ಅನ್ನಿಸ್ತು, ಬಿಲ್ಲೆ ಅಂಚಿಗೇ ಬರ್ತಿತ್ತು. ಚಳಿಗಾಲದ ಮೊಟ್ಟೆ, ಸಣ್ಣವು ಅಂದ್ಕೊಂಡೆ. ಅವತ್ತೇ ಇನ್ನೊಂದು ಎಡವಟ್ಟು ಕಾಣಿಸ್ತು. ಕಂಟ್ರೋಲ್ ಮೊಟ್ಟೆಗಳ ತಟ್ಟೇಲಿ ಟೇಪ್ ಅಂಚು ಎದ್ದಿತ್ತು, ಫ್ಯಾನ್ ಗಾಳಿಗೆ ಪೊರೆ ಒಣಗಿ ಎಲ್ಲಾ ಸತ್ತಿದ್ವು. ಅವಳಿಗೆ ಫೋನ್ ಮಾಡಿದೆ. ಹಿಂದೆ ಕುರಿ ಕೂಗ್ತಿತ್ತು. ಪರವಾಗಿಲ್ಲ, ಹಳೇ ಬ್ಯಾಚಿನ ಕಂಟ್ರೋಲ್ ಇದೆಯಲ್ಲ, ಅದರ ಜೊತೆ ಹೋಲಿಸೋಣ ಅಂದಳು. ಗುರುವಾರ ಫೋಟೋ ತೆಗೆದೆ. ಎರಡು ಮರಿ ಬಾಟಲಿಗೆ ಹಾಕಿ, ಚೀಟಿ ಅಂಟಿಸಿದೆ: ಬ್ಯಾಚ್ ಮೂರು, ದಿನ ಹತ್ತು.

ಅವಳು ವಾಪಸ್ ಬಂದು ಫೋಟೋಗಳನ್ನ ಕಂಪ್ಯೂಟರಿಗೆ ಹಾಕಿದಳು. ರಕ್ತನಾಳದ ಕವಲು ಹಳೇ ಕಂಟ್ರೋಲಿಗಿಂತ ತುಂಬಾ ಕಮ್ಮಿ. ಔಷಧಿ ಕೆಲಸ ಮಾಡಿದೆ. ಅವಳು ಕುರ್ಚಿಯಿಂದ ಎದ್ದು ಮೇಡಂ ರೂಮಿಗೆ ಓಡಿದಳು. ಮಾರನೇ ದಿನ ಮಾರ್ನಿಂಗ್ ಟೀಗೆ ಮೇಡಂ ಕ್ಯಾರೆಟ್ ಕೇಕ್ ತಂದು, ಎಲ್ಲರ ಮುಂದೆ ನನ್ನ ಕಡೆ ಕೈ ತೋರಿಸಿ, ಇದು ಇವನ ಕೈಯಲ್ಲಿ ಆದ ಬ್ಯಾಚು ಅಂದ್ರು. ನಾನು ಅವರನ್ನ "ಮೇಡಂ" ಅನ್ನೋದು ಅವರಿಗೆ ಇಷ್ಟ ಇಲ್ಲ, ಹೆಸರು ಹಿಡಿದು ಕರಿ ಅಂತಾರೆ. ಅವತ್ತು ಅದನ್ನೂ ಹೇಳಲಿಲ್ಲ. ಮನೆಗೆ ಫೋನ್ ಮಾಡಿ, ಟ್ರಯಲ್ ಪಾಸಾದ ಹಾಗೇ ಅಂದೆ.

ಒಂದು ವಾರ ಕಳೀತು. ಬಾಟಲಿ ಇಡೋ ಕಪಾಟು ಒರೆಸ್ತಿದ್ದೆ. ಬ್ಯಾಚ್ ಎರಡರ ಬಾಟಲಿ, ಬ್ಯಾಚ್ ಮೂರರ ಬಾಟಲಿ ಪಕ್ಕ ಪಕ್ಕ. ಕಣ್ಣು ಹಳೇ ಅಭ್ಯಾಸಕ್ಕೆ ಕೊಕ್ಕಿನ ಮೇಲೆ ಹೋಯ್ತು. ಬ್ಯಾಚ್ ಎರಡರ ಮರಿಗೆ ಕೊಕ್ಕಿನ ಬುಡದಲ್ಲಿ ಜುಟ್ಟಿನ ಗೆರೆ ಎದ್ದಿದೆ, ದಾರ ಇಟ್ಟ ಹಾಗೆ. ನನ್ನ ಮರಿಗೆ ಇಲ್ಲ. ನನ್ನ ಬ್ಯಾಚಿನ ಇನ್ನೊಂದು ಬಾಟಲಿ ನೋಡಿದೆ, ಅದರಲ್ಲೂ ಇಲ್ಲ. ಔಷಧಿ ಮರೀನ ಕುಗ್ಗಿಸಿರಬಹುದು ಅಂತ ಮೊದಲು ಅಂದ್ಕೊಂಡೆ. ಆಮೇಲೆ ಬೇರೆ ಏನೋ ಚುಚ್ಚಿತು. ಹ್ಯಾಚರೀಲಿ ನಾನು ಪಟ್ಟಿ ಬರೆಯುವಾಗ ಜುಟ್ಟಿನ ಗೆರೆ ಇದ್ರೆ ಹನ್ನೊಂದು ಅಂತ ಬರೀತಿದ್ದೆ. ಒಂಬತ್ತು ವರ್ಷ ಬರೆದಿದೀನಿ. ಇಲ್ಲಿ ಅವಳ ಚೀಟೀಲಿ ಹತ್ತು ಅಂತಿದೆ, ಗೆರೆ ಇದೆ. ಕೋಳಿ ಏನು ದೇಶ ನೋಡ್ಕೊಂಡು ಬೆಳೆಯುತ್ತಾ?

ದಾಖಲೆ ಪುಸ್ತಕ ತೆಗೆದು ತಾರೀಖು ನೋಡಿದೆ. ಅವಳು ಬುಧವಾರ ಇಟ್ಟ ಮೊಟ್ಟೆಗೆ ಕಿಟಕಿ ಕತ್ತರಿಸಿದ್ದು ಶನಿವಾರ. ನಾನು ಮಂಗಳವಾರ ಇಟ್ಟು ಗುರುವಾರ ಕತ್ತರಿಸಿದೀನಿ. ಶನಿವಾರ ಬರಬೇಕಲ್ಲ ಅಂತ ಬೇಜಾರು ಮಾಡ್ಕೊಂಡು ಬಂದಿದ್ದು ನಂಗೆ ಚೆನ್ನಾಗೇ ನೆನಪಿತ್ತು. ಆದ್ರೂ ಲೆಕ್ಕ ಹೊಳೆದಿರಲಿಲ್ಲ.

ನಮ್ಮಮ್ಮ ಕೋಳೀನ ಕಾವಿಗೆ ಕೂರಿಸುವಾಗ ಒಂದೊಂದು ಮೊಟ್ಟೆಗೂ ಇದ್ದಿಲಲ್ಲಿ ಗೆರೆ ಎಳೀತಿದ್ರು, ಆಮೇಲೆ ಇಟ್ಟ ಮೊಟ್ಟೆ ಅದರಲ್ಲಿ ಬೆರೀಬಾರದು ಅಂತ. ಗೋಡೆ ಮೇಲೂ ದಿನಕ್ಕೊಂದು ಗೆರೆ. ಮೊದಲನೇ ಗೆರೆ ಕೂರಿಸಿದ ದಿನಾನೇ. ಇಪ್ಪತ್ತೊಂದು ಗೆರೆ ತುಂಬಿ, ಇಪ್ಪತ್ತೆರಡಕ್ಕೆ ಮರಿ. ಹ್ಯಾಚರೀಲೂ ಹಂಗೇ ಬರೀತಿದ್ವಿ. ಇಲ್ಲಿಯವರು ಇಟ್ಟ ದಿನಕ್ಕೆ ಸೊನ್ನೆ ಅಂತಾರೆ. ಅದು ಅವರಿಗೆ ಎಷ್ಟು ಸಹಜ ಅಂದ್ರೆ, ಹಾಳೇಲಿ ಬರೆಯೋದೇ ಇಲ್ಲ. ನನ್ನ ಮೊಟ್ಟೆಗಳು ಒಂದು ದಿನ ಎಳೇವು. ನಾಳ ಕಮ್ಮಿ ಇದ್ದಿದ್ದು ಔಷಧಿಯಿಂದಾನೋ, ವಯಸ್ಸು ಕಮ್ಮಿ ಅಂತಾನೋ, ಯಾರಿಗೂ ಹೇಳೋಕಾಗಲ್ಲ.

ಬಾಟಲಿ ವಾಪಸ್ ಇಟ್ಟು ಬಾಗಿಲು ಹಾಕಿದೆ. ಅವತ್ತು ಯಾರಿಗೂ ಏನೂ ಹೇಳಲಿಲ್ಲ. ಅದನ್ನ ಮುಚ್ಚಿಡದೇ ಬರೀತೀನಿ.

ಮನೇಲಿ ಊಟಕ್ಕೆ ಕೂತಾಗ ಹೆಂಡತಿ ಮುಖ ನೋಡಿ ಏನಾಯ್ತು ಅಂದ್ಲು. ಹೇಳಿದೆ. ನಮ್ಮ ಮಗಳು ಇಲ್ಲೇ ಹುಟ್ಟಿದೋಳು, ಎಲ್ಲಾ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ತಟ್ಟೆಯಿಂದ ತಲೆ ಎತ್ತದೇ, "ನಾನು ಹುಟ್ಟಿದ ದಿನ ನಂಗೆ ಎಷ್ಟು ವಯಸ್ಸು, ಅಬ್ಬಾ?" ಅಂತ ಕೇಳಿದ್ಲು. ಸೊನ್ನೆ ಅಂದೆ. "ಸೋ?" ಅಂದ್ಲು.

ಹೆಂಡತಿ ಬಿಡಲಿಲ್ಲ. ನಿನ್ನ ಅಕೀಖಾ ಮಾಡಿ, ಕೂದಲು ತೆಗೆಸಿ ಹೆಸರಿಟ್ಟಿದ್ದು ಏಳನೇ ದಿನ, ನೀನು ಹುಟ್ಟಿದ ದಿನಾನೇ ಒಂದು ಅಂತ ಎಣಿಸಿದ್ವಿ, ನಮ್ಮ ಲೆಕ್ಕಾನೂ ಲೆಕ್ಕಾನೇ ಅಂತ ಮಗಳಿಗೆ ಹೇಳಿದ್ಲು. ನಂಗೆ ಸ್ವಲ್ಪ ಸಮಾಧಾನ ಆಯ್ತು. ಅಷ್ಟರಲ್ಲಿ ನನ್ನ ಕಡೆ ತಿರುಗಿದ್ಲು.

"ಏನ್ರೀ, ಯಾವಾಗ ಹೇಳ್ತೀರಾ?"

ಟ್ರಯಲ್ ಮುಗಿಯೋಕೆ ಇನ್ನೂ ಒಂದು ತಿಂಗಳಿದೆ, ಮುಗಿದ ಮೇಲೆ ಹೇಳಿದ್ರೂ ಆಗುತ್ತೆ ಅಂದೆ. ಅವಳು ರೆಸ್ಟ್‌ಹೋಮಲ್ಲಿ ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸ ಮಾಡ್ತಾಳೆ. ನೀರಿನ ಲೋಟ ಕೆಳಗಿಟ್ಟು ಅಂದ್ಲು, "ನಾನು ಒಂದು ಮಾತ್ರೆ ತಪ್ಪು ಕೊಟ್ರೆ ಅವತ್ತೇ ಬರೆದಿಡ್ತೀನಿ. ಆ ಔಷಧಿ ನಾಳೆ ಯಾರದೋ ಬಾಯಿಗೆ ಹೋಗೋದಲ್ವಾ?"

ಬೆಳಿಗ್ಗೆ ಎರಡು ಬಾಟಲಿ, ದಾಖಲೆ ಪುಸ್ತಕ ತಗೊಂಡು ಮೇಡಂ ರೂಮಿಗೆ ಹೋದೆ. ಹುಡುಗೀನೂ ಅಲ್ಲೇ ಇದ್ಲು, ಅಧ್ಯಾಯ ತೋರಿಸ್ತಿದ್ಲು. ಬಸ್ಸಲ್ಲಿ ಇಂಗ್ಲಿಷಲ್ಲಿ ಕಟ್ಕೊಂಡು ಬಂದಿದ್ದ ಮಾತೆಲ್ಲಾ ಹೋಯ್ತು.

"ಮೇಡಂ, ನನ್ನ ಬ್ಯಾಚಿನ ದಿನ ತಪ್ಪಿದೆ."

ಮೇಡಂ ಮುಖ ಬಿಳಿಚ್ಕೊಂತು. "ಹತ್ತು ದಾಟಿದ್ಯಾ?"

"ಇಲ್ಲ. ಒಂಬತ್ತಕ್ಕೇ ನಿಲ್ಲಿಸಿದೀನಿ."

ಅವರು ಉಸಿರು ಬಿಟ್ಟು ಕುರ್ಚಿಗೆ ಒರಗಿದ್ರು. ಕಾನೂನು ಮುರಿದಿಲ್ಲ ಅಂತ ಒಂದು ನಿಮಿಷ ನೆಮ್ಮದಿ. ಆಮೇಲೆ ಮಿಕ್ಕಿದ್ದು ಹೊಳೀತು ಅನ್ಸುತ್ತೆ, ಎದ್ದು ಬಾಗಿಲು ಹಾಕಿದ್ರು. ನಾನು ಬಾಟಲಿಗಳನ್ನ ಮೇಜಿನ ಮೇಲೆ ಇಟ್ಟು ಜುಟ್ಟಿನ ಗೆರೆ ತೋರಿಸಿದೆ, ತಾರೀಖು ತೋರಿಸಿದೆ, ನಮ್ಮ ಕಡೆ ಇಟ್ಟ ದಿನಾನೇ ಒಂದು ಅಂತ ಹೇಳಿದೆ. ಹುಡುಗಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಂದಲ್ಲ, ಅವಳದು, ಗೆರೆ ಇದ್ದ ಬಾಟಲಿ. ಆಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋದಳು. ಕಿಟಕೀಲಿ ಕಾಣಿಸ್ತಿತ್ತು, ಕಾರ್ ಪಾರ್ಕಿಂಗಲ್ಲಿ ಒಬ್ಬಳೇ ನಿಂತಿದ್ಲು. ಬೈದಿದ್ರೆ ತಡ್ಕೊಂತಿದ್ದೆ.

ಮೇಡಂ ಇನ್‌ಕ್ಯುಬೇಟರಿಗೆ ಅಂಟಿಸಿದ್ದ ಹಾಳೆ ತರಿಸಿ ಓದಿದ್ರು. ಎರಡು ಸಲ ಓದಿದ್ರು. ನಿನ್ನ ವಿಷಯ ಆಮೇಲೆ ಮಾತಾಡೋಣ ಅಂದ್ರು. ನಾನು ಹೋಗಿ ಗಾಜು ತೊಳೆಯೋಕೆ ನಿಂತೆ. ಅದೊಂದೇ ಕೆಲಸ ಉಳೀಬಹುದು, ಅದೂ ಉಳೀದೇ ಇರಬಹುದು ಅಂದ್ಕೊಂಡೆ.

ಅರ್ಧ ಗಂಟೆ ಆದ್ಮೇಲೆ ಹುಡುಗಿ ಬಂದು ಸಿಂಕ್ ಪಕ್ಕ ನಿಂತಳು. ಮೂಗು ಕೆಂಪಾಗಿತ್ತು. "ದಿನ ಸೊನ್ನೆ ನಾನು ಬರೀಬೇಕಿತ್ತು" ಅಂದಳು. ಹಳೇ ಕಂಟ್ರೋಲ್ ಸಾಕು ಅಂದಿದ್ದೂ ನಾನೇ ಅಂದಳು. ಕೈ ಒರೆಸ್ಕೊಳ್ಳೋಕೆ ಪೇಪರ್ ಕೊಟ್ಟು, "ಮಂಗಳವಾರಕ್ಕೆ ಎಷ್ಟು ಮೊಟ್ಟೆ ಸಿಗುತ್ತೆ, ಫೋನ್ ಮಾಡಿ ಕೇಳಿ" ಅಂದಳು.

ಎರಡು ಬ್ಯಾಚು ಹೊಸದಾಗಿ ಮಾಡಿದ್ವಿ. ಈ ಸಲ ಔಷಧಿ ಹಾಕಿದ್ದೂ, ಹಾಕದ್ದೂ ಒಂದೇ ದಿನ, ಒಂದೇ ತಟ್ಟೇಲಿ ಬೆರೆಸಿ. ಟೇಪಿನ ಅಂಚನ್ನ ಎರಡೆರಡು ಸಲ ಉಗುರಲ್ಲಿ ಒತ್ತಿದೆ. ಪ್ರತೀ ಮೊಟ್ಟೆ ಮೇಲೆ ದಿನದ ನಂಬರ್ ಬದಲು ಇಟ್ಟ ತಾರೀಖು, ಗಂಟೆ ಬರೆದೆ. ಫೋಟೋಲಿ ಕವಲು ಎಣಿಸಿದ್ದು ಬೇರೆ ರೂಮಿನ ಒಬ್ಬರು, ಯಾವುದಕ್ಕೆ ಔಷಧಿ ಅಂತ ಗೊತ್ತಿಲ್ಲದೇ ಎಣಿಸ್ಲಿ ಅಂತ. ಮೂರನೇ ದಿನ ಈಗ ಸರಿಯಾಗಿ ಶುಕ್ರವಾರಕ್ಕೇ ಬಂತು. ಕತ್ತರಿ ಹಿಡಿದು ಗಡಿಯಾರ ನೋಡ್ತಿದ್ದೆ. ಹುಡುಗಿ ಕತ್ತರಿ ಇಸ್ಕೊಂಡು, ನಮಾಜಿಗೆ ಹೋಗಿ ಬನ್ನಿ, ಬರೋವರೆಗೆ ನಾನು ಮಾಡ್ತಿರ್ತೀನಿ, ನಿಮ್ಮಷ್ಟು ನೀಟಾಗಿ ಬರಲ್ಲ ಅಷ್ಟೇ ಅಂದಳು.

ಫಲಿತಾಂಶ ಬಂತು. ಔಷಧಿ ಹಾಕಿದ್ರಲ್ಲಿ ನಾಳ ಸ್ವಲ್ಪ ಕಮ್ಮಿ ಇತ್ತು. ಕಮ್ಮಿ ಅಂತೂ ಇತ್ತು, ಆದ್ರೆ ಕೇಕ್ ತರಿಸೋವಷ್ಟಲ್ಲ. ಅವಳ ಅಧ್ಯಾಯ ಅರ್ಧಕ್ಕಿಳೀತು. ಬ್ಯಾಚ್ ಮೂರನ್ನ ಯಾಕೆ ಕೈಬಿಟ್ವಿ ಅಂತ ಒಂದು ಪ್ಯಾರಾ ಬರೆದು, ನಂಗೆ ಓದಿ ಹೇಳಿ, ಇದು ಸರಿ ಇದೆಯಾ ಅಂತ ಕೇಳಿದಳು. ಥೀಸಿಸ್ಸಿನ ಮಾತು ಸರಿ ಇದೆಯಾ ಅಂತ ನನ್ನ ಕೇಳಿದಳು. ಸರಿ ಇದೆ ಅಂದೆ.

ನನ್ನ ವಿಷಯ ಮಾತಾಡೋಣ ಅಂದಿದ್ದ ಮೇಡಂ ಮಾತ್ರ ಮಾತೇ ಎತ್ತಲಿಲ್ಲ. ಬಸ್ಸಲ್ಲಿ ಎಣಿಸೋದು ನಡೀತಿತ್ತು. ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು. ಅದರ ಮಾರನೇ ದಿನ ಬುಧವಾರ. ಸಂಜೆ ನೀರಿನ ತಟ್ಟೆ ತುಂಬಿಸ್ತಿದ್ದೆ, ಮೇಡಂ ಬಂದು ಇನ್‌ಕ್ಯುಬೇಟರ್ ಗಾಜಿನ ಬಾಗಿಲ ಮುಂದೆ ನಿಂತ್ರು. ಅದರ ಮೇಲೆ ಹೊಸ ಹಾಳೆ ಇತ್ತು. ಮೊದಲನೇ ಸಾಲು, ಇಟ್ಟ ದಿನ ಸೊನ್ನೆ.

"ನಿನ್ನ ಟ್ರಯಲ್‌ನ ಎಷ್ಟನೇ ದಿನ ಇವತ್ತು?" ಅಂದ್ರು.

"ನನ್ನ ಲೆಕ್ಕದಲ್ಲಿ ತೊಂಬತ್ತು ಮೇಡಂ. ನಿಮ್ಮ ಲೆಕ್ಕದಲ್ಲಿ ಎಂಬತ್ತೊಂಬತ್ತು."

ಅವರು ಒಳಗಿನ ಮೊಟ್ಟೆಗಳನ್ನೇ ನೋಡ್ತಾ ತಲೆ ಆಡಿಸಿದ್ರು. "ಹಂಗಾದ್ರೆ ನಾಳೆನೂ ಬಾ. ಆಮೇಲೆ ಎಣಿಸೋದು ಬಿಡು."

ಇಷ್ಟೇ ನನ್ನ ಕಥೆ. ಇದನ್ನ ಟೈಪ್ ಮಾಡೋಕೆ ಹನ್ನೊಂದು ದಿನ ಹಿಡೀತು, ಮಗಳನ್ನ ಕೇಳಿದ್ರೆ ಹತ್ತು ಅಂತಾಳೆ. ನಿಮಗೂ ಹೀಗೆ ಆಗಿದೆಯಾ, ಊರಲ್ಲಿ ಸರಿಯಾಗೇ ಇದ್ದ ನಿಮ್ಮ ಯಾವುದಾದ್ರೂ ಲೆಕ್ಕವೋ ಅಭ್ಯಾಸವೋ ಇಲ್ಲಿ ಕೆಲಸದಲ್ಲಿ ಕೈಕೊಟ್ಟಿದ್ದು? ಅಡುಗೆಮನೆಯದಿರಲಿ, ಆಸ್ಪತ್ರೆಯದಿರಲಿ, ಕಂಪ್ಯೂಟರಿನದಿರಲಿ, ಬರೆದು ಕಳಿಸಿ. ನನ್ನ ಹಾಗೆ ಒಂದೇ ಬೆರಳಲ್ಲಿ ಬರೆದ್ರೂ ಪರವಾಗಿಲ್ಲ, ನಿಧಾನವಾಗಿ ಕೂತು ಓದ್ತೀನಿ.